ಅತ್ತೆಯವರ ಮೊಬೈಲ್ ಬೇಸಾಯ

ಓಡಾಡುವ ಮನುಷ್ಯರನ್ನು ಒಂದು ಕಡೆ ಕೂರಿಸುವುದು ಕಷ್ಟ. ಹಾಗೆ ಕೂತವರನ್ನು ಮತ್ತೆ ಎಬ್ಬಿಸುವುದು ಅದಕ್ಕಿಂತ ಕಷ್ಟ. ಈ ಎರಡೂ ಕೆಲಸಗಳನ್ನು ಒಂದೇ ವರ್ಷದಲ್ಲಿ, ಒಬ್ಬರ ಮೇಲೆಯೇ ಮಾಡಿ ನೋಡಿದವನು ನಾನು. ಮೊದಲನೆಯದರಲ್ಲಿ ನನಗೆ ಬೇಕಾದ್ದಕ್ಕಿಂತ ಹೆಚ್ಚು ಯಶಸ್ಸು ಸಿಕ್ಕಿತು. ಎರಡನೆಯದರ ಶ್ರೇಯಸ್ಸು ನನ್ನ ಹೆಂಡತಿ ಸರೋಜಳಿಗೆ ಹೋಗಬೇಕು. ಹೋಗದಿದ್ದರೆ ಆಕೆಯೇ ಬಂದು ತೆಗೆದುಕೊಳ್ಳುತ್ತಾಳೆ.

ನಾನು ಕೊಪ್ಪಳದ ಒಂದು ಕಾಲೇಜಿನಲ್ಲಿ ಗ್ರಂಥಪಾಲಕ. ಮೌನವೇ ನನ್ನ ಕಸುಬು. ಮನೆಯಲ್ಲಿಯೂ ಸ್ವಲ್ಪ ಮೌನ ಸಿಕ್ಕರೆ ಸಾಕು ಎನ್ನುವ ಮಟ್ಟದ ಆಸೆ ನನ್ನದು. ಮೊಬೈಲಿನಲ್ಲಿ ಆಟ ಆಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಒಂದು ಬಗೆಯ ಕರುಣೆ. ಬಸ್ ಸ್ಟ್ಯಾಂಡಿನಲ್ಲಿ ಕುಷ್ಟಗಿ ಬಸ್ಸು ಬಂದು, ಹಾರ್ನ್ ಹೊಡೆದು, ಹೋಗಿಯೇ ಬಿಟ್ಟರೂ ತಲೆ ಎತ್ತದೆ ಬಣ್ಣದ ಗುಳಿಗೆ ಒಡೆಯುತ್ತ ಕೂತವರನ್ನು ನೋಡಿ, ಪಾಪ, ಇವರಿಗೆ ಓದುವ ರುಚಿ ಹತ್ತಲಿಲ್ಲವಲ್ಲ ಎಂದು ಮರುಗಿದ್ದೇನೆ. ಲೈಬ್ರರಿಯ ಬಾಗಿಲಿಗೆ ‘ಒಳಗೆ ಮೊಬೈಲ್ ಬಳಸಬಾರದು’ ಎಂಬ ಹಲಗೆ ಬರೆಸಿದವನೂ ನಾನೇ. ಆ ಹಲಗೆಯ ಅಕ್ಷರ ಸಣ್ಣದಾಯಿತೆಂದು ಎರಡನೇ ಸಲ ದಪ್ಪಗೆ ಬರೆಸಿದ್ದೆ.

ಹೀಗಿರುವಾಗ ಹನುಮಸಾಗರದಲ್ಲಿ ನಮ್ಮ ಅತ್ತೆ ನೀಲವ್ವನವರು ದನದ ಕೊಟ್ಟಿಗೆಯಲ್ಲಿ ಕಾಲು ಜಾರಿ ಬಿದ್ದರು. ಪಾದದ ಎಲುಬು ಬಿರುಕು ಬಿಟ್ಟಿತ್ತು. ಕೊಪ್ಪಳದ ಎಲುಬಿನ ಡಾಕ್ಟರು ಮೊಣಕಾಲಿನವರೆಗೆ ಪಟ್ಟಿ ಹಾಕಿ, ಒಂದೂವರೆ ತಿಂಗಳು ಈ ಕಾಲು ನೆಲಕ್ಕೆ ಊರಕೂಡದು ಎಂದರು. ಅತ್ತೆಯವರು ಡಾಕ್ಟರ ಮುಖವನ್ನು ಕನಿಕರದಿಂದ ನೋಡಿ, “ನಿಮಗ ದನಾಕರು ಇಲ್ಲೇನ್ರಿ?” ಎಂದು ಕೇಳಿದರು. ಡಾಕ್ಟರು ಇಲ್ಲವೆಂದರು. “ಮತ್ತ ಅದಕ್ಕ ಹಿಂಗ ಹೇಳತೀರಿ” ಎಂದರು. ಆದರೂ ಸರೋಜ ಬಿಡಲಿಲ್ಲ. ನಮ್ಮ ಮನೆಯ ಪಡಸಾಲೆಯಲ್ಲಿ ಮಂಚ ಹಾಕಿ ಅವರನ್ನು ಕೂರಿಸಿದಳು.

ಹುಟ್ಟಿದಾಗಿನಿಂದ ಒಂದು ಗಳಿಗೆಯೂ ಸುಮ್ಮನೆ ಕೂರದ ಹೆಂಗಸು ಮಂಚದ ಮೇಲೆ ಕೂತರೆ ಏನಾಗುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಕಾಲಿನ ಶಕ್ತಿಯೆಲ್ಲ ಕಣ್ಣಿಗೂ ಬಾಯಿಗೂ ಬರುತ್ತದೆ. ಆ ಮಂಚದಿಂದ ಬಚ್ಚಲು ಕಾಣುತ್ತದೆ, ಅಡುಗೆಮನೆ ಕಾಣುತ್ತದೆ, ಅಂಗಳ ಕಾಣುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ನಾನು ಕಾಣುತ್ತೇನೆ. “ಅಳೇರ, ಬಕೀಟಿನ್ಯಾಗ ಅರ್ಧಾ ನೀರು ಹಂಗs ಬಿಟ್ಟು ಬಂದ್ರಲ್ರಿ?” “ಅಳೇರ, ಆ ಅಂಗೀ ಗುಂಡಿ ಮ್ಯಾಲ ಕೆಳಗ ಆಗ್ಯಾವ ನೋಡ್ರಿ.” “ಅಳೇರ, ಪೇಪರ್ ಎಷ್ಟೊತ್ತು ಓದತೀರಿ, ನಿನ್ನೀದ ಐತೇನು?” ಎಲ್ಲ ಮಾತಿಗೂ ‘ರಿ’ ಇತ್ತು, ಗೌರವಕ್ಕೆ ಒಂದಿಷ್ಟೂ ಕೊರತೆಯಿರಲಿಲ್ಲ. ಸಮಾಧಾನಕ್ಕೆ ಮಾತ್ರ ಕೊರತೆ. ಟಿವಿ ಹಚ್ಚಿಕೊಟ್ಟೆ. ಒಂದು ಧಾರಾವಾಹಿ ನೋಡಿ, “ಇವರೆಲ್ಲಾ ಇಷ್ಟು ಬಂಗಾರಾ ಹಾಕ್ಕೊಂಡು ಯಾಕ ಅಳತಾರ?” ಎಂದು ಆರಿಸಲು ಹೇಳಿದರು.

ಆಗ ನನಗೊಂದು ಉಪಾಯ ಹೊಳೆಯಿತು. ಮೂಲೆಯಲ್ಲಿ ಬಿದ್ದಿದ್ದ ನನ್ನ ಹಳೆಯ ಫೋನನ್ನು ಒರೆಸಿ, ಅದರಲ್ಲಿ ಬೇಸಾಯದ ಆಟವೊಂದನ್ನು ಹಾಕಿ ಅವರ ಕೈಗೆ ಕೊಟ್ಟೆ. ಪರದೆಯ ಮೇಲೆ ಒಂದು ಪುಟ್ಟ ಹೊಲ, ಕೆಂಪು ಹಂಚಿನ ಮನೆ, ಆಕಳು, ಕೋಳಿ. ಬೆರಳಿನಿಂದ ಬೀಜ ಎಳೆದರೆ ಬಿತ್ತನೆ, ಕುಡಗೋಲು ಎಳೆದರೆ ಕೊಯ್ಲು. ಅತ್ತೆಯವರು ಕನ್ನಡಕ ಏರಿಸಿ ನೋಡಿ ನಕ್ಕರು. “ಇದೇನ್ರೀ ಹೊಲಾ? ಬದುವಿಲ್ಲ, ಕಸಾ ಇಲ್ಲ. ಆಕಳ ನೋಡ್ರಿ, ತೊಳದಿಟ್ಟಂಗ ಅದಾವ. ಸಗಣಿ ಎಲ್ಲಿ ಹೋತು?” ಎಂದು ಫೋನನ್ನು ದಿಂಬಿನ ಪಕ್ಕ ಇಟ್ಟರು. ನಾನು ಸೋತೆನೆಂದುಕೊಂಡು ಕಾಲೇಜಿಗೆ ಹೋದೆ.

ಸಂಜೆ ಬಂದು ಚಪ್ಪಲಿ ಬಿಟ್ಟೆ. ಮಾತಿಲ್ಲ. ಬೇಕೆಂದೇ ಬಕೀಟಿನಲ್ಲಿ ಅರ್ಧ ನೀರು ಉಳಿಸಿ ಬಂದೆ. ಆಗಲೂ ಮಾತಿಲ್ಲ. ಮಂಚದ ಮೇಲೆ ಅತ್ತೆಯವರು, ಪಕ್ಕದಲ್ಲಿ ನೆರೆಮನೆಯ ರಬಿಯಾಬಿ, ಇಬ್ಬರೂ ಫೋನಿನ ಮೇಲೆ ಬಾಗಿದ್ದರು. ರಬಿಯಾಬಿಯ ಯಜಮಾನರಿಗೆ ಪೇಟೆಯಲ್ಲಿ ಬಳೆ ಅಂಗಡಿ. ಹೀಗಾಗಿ ವ್ಯಾಪಾರದ ಸಲಹೆ ಆಕೆಯದು. ಆಟದಲ್ಲಿ ಯಾರೋ ಟೋಪಿಯವನು ಮೊಟ್ಟೆ ಕೇಳಿಕೊಂಡು ಬಂದಿದ್ದ. “ನೀಲವ್ವಾರ, ಇವಂಗ ಕೊಡಬ್ಯಾಡ್ರಿ. ಇವನ ಮುಖಾನs ಛಲೋ ಇಲ್ಲ. ಇನ್ನೊಬ್ಬ ಬರ್ತಾನ, ತಡೀರಿ” ಎಂದು ಆಕೆ ಹೇಳಿದರೆ, ಅತ್ತೆಯವರು ಟೋಪಿಯವನನ್ನು ಬೆರಳಿನಿಂದ ಅತ್ತ ತಳ್ಳಿ, “ಮುಂದಿನ ವಾರ ಬಾರಪಾ” ಎಂದು ಮರ್ಯಾದೆಯಿಂದ ಬೀಳ್ಕೊಟ್ಟರು. ನಡುವೆ ಜಾಹೀರಾತು ಬಂದಾಗ ಮಾತ್ರ ಸಿಟ್ಟಾಗುತ್ತಿದ್ದರು. “ಯಾರಿವಾ, ಬಿತ್ತೂ ಹೊತ್ತಿನ್ಯಾಗ ಅಡ್ಡ ಬಂದು ಕುಣಿಯಾಂವ?”

ಮನೆಯಲ್ಲಿ ನೆಮ್ಮದಿ ನೆಲೆಸಿತು. ನಾನು ನಿನ್ನೆಯ ಪೇಪರನ್ನೂ ನಿಶ್ಚಿಂತೆಯಿಂದ ಓದತೊಡಗಿದೆ. ಅತ್ತೆಯವರ ಹೊಲ ಬೆಳೆಯಿತು. ಅಮಾವಾಸ್ಯೆಯ ದಿನ ಅವರು ಕುಡಗೋಲು ಮುಟ್ಟಲಿಲ್ಲ, ಎತ್ತುಗಳಿಗೆ ವಿಶ್ರಾಂತಿ ಎಂದರು. ಆ ಹೊಲದಲ್ಲಿ ಎತ್ತುಗಳೇ ಇರಲಿಲ್ಲ. ಸ್ನಾನಕ್ಕೆ ಹೋಗುವಾಗ ಫೋನನ್ನು ನನ್ನ ಕೈಗೆ ಕೊಟ್ಟು, “ಆಕಳ ಮುಖಾ ನೋಡಿಕೋತ ಕೂಡ್ರಿ, ಹಸದ್ರ ಮೇವು ಹಾಕ್ರಿ” ಎನ್ನುತ್ತಿದ್ದರು. ಊಟಕ್ಕೆ ಕರೆದರೆ, ಗೋಧಿ ಬಂದಿದೆ, ಕೊಯ್ದು ಬರುತ್ತೇನೆ ಎಂಬ ಉತ್ತರ. ಕೊಯ್ದ ಮೇಲೆ ಬಿತ್ತಬೇಕು. ಬಿತ್ತಿದ ಮೇಲೆ ಹಾಲು ಕರೆಯಬೇಕು. ರೊಟ್ಟಿ ಆರಿ ಹಪ್ಪಳವಾಗುತ್ತಿತ್ತು. ಇದನ್ನೆಲ್ಲ ನೋಡಿ ಸರೋಜ ನನ್ನನ್ನು ನೋಡುತ್ತಿದ್ದಳು. ನಾನು ಪೇಪರನ್ನು ನೋಡುತ್ತಿದ್ದೆ.

ಒಂದೂವರೆ ತಿಂಗಳು ಕಳೆಯಿತು. ಪಟ್ಟಿ ಬಿಚ್ಚಿದ ಡಾಕ್ಟರು, ಇನ್ನು ದಿನಾಲೂ ನಡೆಯಬೇಕು, ನಡೆಯದಿದ್ದರೆ ಪಾದ ಹೀಗೇ ಬಿಗಿದುಕೊಂಡು ನಿಲ್ಲುತ್ತದೆ, ಆಮೇಲೆ ಕುಂಟುವುದು ಖಾಯಂ ಎಂದು ಎಚ್ಚರಿಸಿದರು. ಅತ್ತೆಯವರು ಹೂಂಗುಟ್ಟಿದರು. ಮನೆಗೆ ಬಂದು ಮಂಚ ಹತ್ತಿದರು, ಫೋನ್ ತೆಗೆದುಕೊಂಡರು. ನಡೆಯೋಣ ಬನ್ನಿ ಎಂದರೆ “ಈಗ ಬ್ಯಾಡ, ಕೋಳಿ ಹಸದಾವ.” ಮರುದಿನ ಹಾಲು. ಅದರ ಮರುದಿನ ಹೊಸ ಬೇಲಿ. ಒಂದು ವಾರದಲ್ಲಿ ಪಾದ ಬಾತು, ಬೆರಳು ಮಡಚಲು ಬಾರದಂತಾಯಿತು. ಅದೇ ಹೊತ್ತಿಗೆ ಹನುಮಸಾಗರದಿಂದ ನನ್ನ ಭಾವಮೈದುನ ಮಲ್ಲಪ್ಪನ ಫೋನು. “ಅವ್ವಾ, ಮಳಿ ಭಾಳ ಛಲೋ ಆಗೈತಿ. ಹೆಸರು ಬಿತ್ತೂದೈತಿ. ಯಾವಾಗ ಬರ್ತಿ?” ಅತ್ತೆಯವರು ಹಳೆಯ ಫೋನಿನಿಂದ ಕಣ್ಣು ಕೀಳದೆ, “ನೀ ಬಿತ್ತಪಾ. ನನಗ ಇಲ್ಲಿ ಕೈ ತುಂಬ ಕೆಲಸ ಐತಿ” ಎಂದರು.

ಆ ದಿನ ಸರೋಜ ಅಡುಗೆಮನೆಯಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡಳು. “ನಿಮ್ಮ ಕಿವಿಗೆ ಆರಾಮ ಬೇಕಂತ ನಮ್ಮವ್ವನ ಕಾಲು ಕಳದ್ರಿ” ಎಂದಳು. ಇದಕ್ಕೆ ಉತ್ತರ ಕೊಡಬಹುದಾದ ಪುಸ್ತಕ ನಮ್ಮ ಲೈಬ್ರರಿಯಲ್ಲಿ ಇರಲಿಲ್ಲ. ನಾನು ಫೋನನ್ನು ಅಲ್ಮೆರಾದ ಮೇಲೆ ಬಚ್ಚಿಟ್ಟೆ. ಅತ್ತೆಯವರು ಬೈಯಲಿಲ್ಲ. ಗೋಡೆಯ ಕಡೆ ಹೊರಳಿ ಮಲಗಿದರು, ಊಟ ಬಿಟ್ಟರು. ನಾನೇ ತೆಗೆದುಕೊಟ್ಟೆ. ಆಮೇಲೆ ಚಟಗಳ ಕುರಿತ ಒಂದು ಒಳ್ಳೆಯ ಪುಸ್ತಕ ತಂದು ಎರಡು ಪುಟ ಗಟ್ಟಿಯಾಗಿ ಓದಿ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, “ಮುಗೀತೇನ್ರಿ? ಹಂಗಾರ ಸ್ವಲ್ಪ ಬಾಜೂಕ ಸರೀರಿ, ಬೆಳಕು ಬರವಲ್ದು” ಎಂದರು.

“ಅತ್ತೀ, ನಿಮ್ಮ ಖರೇ ಹೊಲ ಅಲ್ಲಿ ಕಾಯಾಕತ್ತೈತಿ. ಈ ಸುಳ್ಳು ಹೊಲದಾಗ ಏನೈತ್ರಿ?” ಎಂದು ಕೇಳಿದೆ.

ಅವರು ಮೊದಲ ಬಾರಿ ಫೋನನ್ನು ಕೆಳಗಿಟ್ಟರು. “ನೋಡ್ರಿ ಅಳೇರ, ಮದಿವಿ ಆಗಿ ಬಂದಾಗಿಂದ ಹೊಲದಾಗ ದುಡದೀನಿ. ಮೊದಲ ನಿಮ್ಮ ಮಾವಾರು ಹೇಳಿದ್ದು ಬಿತ್ತಿದ್ವಿ. ಈಗ ಮಲ್ಲ್ಯಾ ಹೇಳಿದ್ದು ಬಿತ್ತತೀವಿ. ನನಗೇನು ಬೇಕು ಅಂತ ಒಬ್ಬರs ಕೇಳಿಲ್ಲ. ನಾನೂ ಹೇಳಿಲ್ಲ ಬಿಡ್ರಿ. ಇಲ್ಲಿ ನೋಡ್ರಿ, ಈ ಕಡೆ ಪೂರಾ ಹೂ ಹಚ್ಚೀನಿ. ಹೂ ಏನ್ ಹೊಟ್ಟಿಗೆ ತಿಂತಿಯೇನು ಅಂತ ಯಾರೂ ಕೇಳಲಿಲ್ಲ.” ಹೀಗೆ ಹೇಳಿ ಮತ್ತೆ ಫೋನ್ ಎತ್ತಿಕೊಂಡರು. ನಾನು ಪುಸ್ತಕ ಮುಚ್ಚಿದೆ. ಬಾಗಿಲಲ್ಲಿ ಸರೋಜ ನಿಂತು ಕೇಳಿಸಿಕೊಂಡಿದ್ದಳು ಎಂಬುದು ತಿರುಗಿದಾಗಲೇ ಗೊತ್ತಾದದ್ದು.

ಮರುದಿನ ಬೆಳಿಗ್ಗೆ ಮಂಚದ ಹತ್ತಿರವಿದ್ದ ಉದ್ದ ವೈರಿನ ಪ್ಲಗ್ ಬೋರ್ಡು ಮಾಯವಾಗಿತ್ತು. ಸುಟ್ಟಿತು ಎಂದಳು ಸರೋಜ. ಚಾರ್ಜರು ಅಡುಗೆಮನೆಯ ಕಟ್ಟೆಯ ಮೇಲೆ, ಮಿಕ್ಸರ್ ಪಕ್ಕದ ಪ್ಲಗ್ಗಿನಲ್ಲಿ ನೇತಾಡುತ್ತಿತ್ತು. ಅದರ ವೈರು ಒಂದು ಗೇಣಿಗಿಂತ ಸ್ವಲ್ಪ ಉದ್ದ. ನನ್ನ ಹಳೆಯ ಫೋನಿನ ಬ್ಯಾಟರಿಯೋ, ಹೊಲದಲ್ಲಿ ಎರಡು ಸಾಲು ಕೊಯ್ಯುವಷ್ಟರಲ್ಲಿ ಉಸಿರು ಬಿಡುವಂಥದ್ದು.

ಸ್ವಲ್ಪ ಹೊತ್ತಿನಲ್ಲಿಯೇ ಪಡಸಾಲೆಯಿಂದ ಕೂಗು. “ಸರೂ, ಫೋನ್ ಸತ್ತೈತಿ. ಒಯ್ದು ಹಚ್ಚು.”

“ಕೈಯಾಗ ಹಿಟ್ಟೈತವಾ. ನೀನs ಬಂದು ಹಚ್ಚಿಕೋ.”

“ಅಳೇರ...”

ನಾನು ಎದ್ದೆ. ಅಡುಗೆಮನೆಯ ಬಾಗಿಲಲ್ಲಿ ಸರೋಜಳ ಮುಖ ಕಂಡಿತು. ನಾನು ಕೂತೆ. “ಅತ್ತೀ, ನನ್ನ ಸೊಂಟ ಹಿಡದೈತ್ರಿ” ಎಂದೆ. ಮದುವೆಯಾದ ಮೇಲೆ ನಾನು ಇಷ್ಟು ಬೇಗ ಅರ್ಥ ಮಾಡಿಕೊಂಡ ಸಂದರ್ಭ ಇನ್ನೊಂದಿಲ್ಲ.

ಅತ್ತೆಯವರು ಸತ್ತ ಫೋನನ್ನು ನೋಡಿದರು, ಕಾಲನ್ನು ನೋಡಿದರು. “ಆಕಳು ಬಾಯಿ ತಕ್ಕೊಂಡು ನಿಂತಿರ್ತಾವ” ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಮಂಚದಿಂದ ಇಳಿದರು. ಬಿಗಿದ ಪಾದ ನೆಲಕ್ಕೆ ತಾಗಿದಾಗ “ಯವ್ವಾ” ಎಂದರು. ಸರೋಜ ಅಡುಗೆಮನೆಯಲ್ಲಿ ಹಿಟ್ಟು ನಾದುವುದನ್ನು ನಿಲ್ಲಿಸಿದ್ದು ನನಗೆ ಕೇಳಿಸಿತು. ಆದರೆ ಅವಳು ಹೊರಗೆ ಬರಲಿಲ್ಲ. ಅತ್ತೆಯವರು ಗೋಡೆ ಹಿಡಿದರು, ಟಿವಿ ಹಿಡಿದರು, ನನ್ನ ತಲೆಯನ್ನೂ ಹಿಡಿದರು, ಹಾಗೇ ಅಡುಗೆಮನೆಗೆ ಮುಟ್ಟಿದರು. ಫೋನಿಗೆ ಜೀವ ಬಂತು. ವೈರು ಗಿಡ್ಡದಾದ್ದರಿಂದ ನಿಂತೇ ಆಡಬೇಕು. ನಿಂತರು. ಬೆಳೆ ಬರುವತನಕ ಸುಮ್ಮನೆ ನಿಲ್ಲುವುದೇಕೆಂದು ಒಂದು ರೊಟ್ಟಿ ಬಡಿದರು. ಮಗಳ ರೊಟ್ಟಿ ದಪ್ಪವಾಗುತ್ತಿದೆ ಎಂದು ಹೇಳುವುದಕ್ಕೂ ಅಲ್ಲೇ ಅವಕಾಶ ಸಿಕ್ಕಿತು.

ಅಂದಿನಿಂದ ದಿನವೂ ಮಂಚಕ್ಕೂ ಪ್ಲಗ್ಗಿಗೂ ನಡುವೆ ಅವರ ಓಡಾಟ ಶುರುವಾಯಿತು. ಮೊದಲು ಗೋಡೆ ಬಿಟ್ಟರು, ಆಮೇಲೆ ನನ್ನ ತಲೆಯನ್ನು ಬಿಟ್ಟರು. ರಬಿಯಾಬಿ ಬಂದರೂ ಇಬ್ಬರೂ ಕಟ್ಟೆಯ ಬಳಿ ನಿಂತೇ ಟೋಪಿಯವನ ಜೊತೆ ಜಗಳ ಕಾಯುತ್ತಿದ್ದರು. ಮತ್ತೆ ತೋರಿಸಲು ಹೋದಾಗ ಡಾಕ್ಟರು ಪಾದವನ್ನು ಅತ್ತಿತ್ತ ತಿರುಗಿಸಿ ಸಂತೋಷಪಟ್ಟು, “ಭಾಳ ಛಲೋ ಆಗೈತಿ ಅಜ್ಜೀ. ಏನ್ ವ್ಯಾಯಾಮ ಮಾಡಿದ್ರಿ?” ಎಂದರು. “ವ್ಯಾಯಾಮ ಎಲ್ಲೀದ್ರಿ, ದನಾ ಮೇಯಿಸಿದೆ” ಎಂದರು ಅತ್ತೆಯವರು. ಇಂಥ ಕಾಲಿನಲ್ಲಿ ದನ ಮೇಯಿಸಲು ಕಳಿಸಿದ್ದೀರಲ್ಲ, ಓದಿದವರು ನೀವು ಎಂದು ಡಾಕ್ಟರು ನನಗೆ ಸಾಕಷ್ಟು ಬೈದರು. ನಾನು ವಿವರಿಸಲು ಹೋಗಲಿಲ್ಲ. ವಿವರಿಸಿದರೆ ಇನ್ನೂ ಬೈಯುತ್ತಿದ್ದರು.

ಹನುಮಸಾಗರದ ಬಸ್ಸು ಹತ್ತುವಾಗ ಅತ್ತೆಯವರು ಹಳೆಯ ಫೋನನ್ನು ನನ್ನ ಕೈಗಿಟ್ಟರು. ಬ್ಯಾಟರಿ ಹೊಟ್ಟೆ ಉಬ್ಬಿಸಿಕೊಂಡಿತ್ತು, ಒಯ್ಯುವಂತಿರಲಿಲ್ಲ. “ಆಕಳನ್ನ ಉಪಾಸ ಕೆಡವಬ್ಯಾಡ್ರಿ ಅಳೇರ” ಎಂದರು. ಅತ್ತೆಯವರ ಮಾತು ಮೀರುವವನು ನಾನಲ್ಲ. ಆ ಹೊಲವನ್ನು ನನ್ನ ಸ್ವಂತ ಫೋನಿಗೆ ಸಾಗಿಸಿಕೊಂಡೆ. ಕರ್ತವ್ಯವೆಂದು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮೇವು ಹಾಕುತ್ತಿದ್ದೆ. ಆಮೇಲೆ ಆಕಳುಗಳಿಗೆ ಮಧ್ಯಾಹ್ನವೂ ಹಸಿವಾಗುತ್ತದೆ ಎಂಬುದು ಗಮನಕ್ಕೆ ಬಂತು. ಹಾಲು ಕೂಡಿತು, ಬೆಣ್ಣೆಯ ಯಂತ್ರ ತಂದೆ. ಬೆಣ್ಣೆ ಬಂದ ಮೇಲೆ ಬೇಕರಿ ಇಲ್ಲದಿದ್ದರೆ ಹೇಗೆ? ಮೇಕೆಗಳನ್ನು ಕೊಂಡದ್ದು ಮಾತ್ರ ನನ್ನ ಸ್ವಂತ ನಿರ್ಧಾರ. ಒಂದು ದಿನ ಪರೀಕ್ಷೆಯ ಸಮಯ, ಲೈಬ್ರರಿ ತುಂಬಿತ್ತು, ಪುಟ ತಿರುವುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅಷ್ಟರಲ್ಲಿ ನನ್ನ ಮೇಜಿನ ಕೆಳಗಿನಿಂದ ಒಂದು ಆಕಳು ದೀರ್ಘವಾಗಿ “ಅಂಬಾ” ಎಂದಿತು. ವಿದ್ಯಾರ್ಥಿಗಳು ತಲೆ ಎತ್ತಿ ನನ್ನನ್ನು ನೋಡಿದರು, ಬಾಗಿಲಿನ ಹಲಗೆಯನ್ನು ನೋಡಿದರು. ನಾನು ಕಿಟಕಿಯ ಹೊರಗೆ ಬಾಗಿ “ಹೈ, ಹೈ” ಎಂದು ಯಾವುದೋ ದನವನ್ನು ಓಡಿಸಿದೆ. ಹೊರಗೆ ಪ್ರಿನ್ಸಿಪಾಲರ ಕಾರು ಬಿಟ್ಟು ಬೇರೇನೂ ಇರಲಿಲ್ಲ.

ಒಂದು ಭಾನುವಾರ ಅತ್ತೆಯವರಿಗೆ ಫೋನ್ ಹಚ್ಚಿದೆ. ಇಷ್ಟೆಲ್ಲ ಅಭಿವೃದ್ಧಿಯಾಗಿದೆ, ಅವರಿಗೆ ತಿಳಿಯಬೇಡವೇ? ಆ ಕಡೆಯಿಂದ ಗಾಳಿಯ ಸದ್ದು, ಯಾರನ್ನೋ ಕೂಗುವ ಸದ್ದು.

“ಅತ್ತೀ, ಕಾಲು ಹೆಂಗೈತ್ರಿ?”

“ಕಾಲಿಗೇನಾಗೈತ್ರಿ, ಹೊಲದಾಗ ಅದೀನಿ. ಮಲ್ಲ್ಯಾಗ ಹೇಳಿದೆ, ಬಾವಿ ಬಾಜೂಕಿನ ತುಂಡು ನನಗ ಬಿಡು ಅಂತ. ಹೂಂ ಅಂದಾ. ಒಂದ ಮಾತಿನ್ಯಾಗ ಹೂಂ ಅಂದಾ ನೋಡ್ರಿ! ನಾನs ಇಷ್ಟ ದಿನಾ ಕೇಳಿದ್ದಿಲ್ಲ. ಶೇವಂತಿಗಿ ಅಗಿ ಹಚ್ಚೀನಿ. ಸರೂಗ ಹೇಳ್ರಿ, ದಸರಾಕ್ಕ ಬುಟ್ಟಿ ತುಂಬ ಹೂ ಕಳಸ್ತೀನಿ ಅಂತ.”

ನನಗೂ ಸಂತೋಷವಾಯಿತು. ಆಮೇಲೆ ಗಂಟಲು ಸರಿಮಾಡಿಕೊಂಡು, “ಇಲ್ಲೀ ಹೊಲಾನೂ ಭಾಳ ಛಲೋ ಐತ್ರಿ. ಮೇಕಿ ತಗೊಂಡೀನಿ” ಎಂದೆ.

“ಯಾವ ಹೊಲಾರೀ?” ಎಂದರು. ಸ್ವಲ್ಪ ಹೊತ್ತಿಗೆ ನೆನಪಾಗಿ ನಕ್ಕರು. “ಅಯ್ಯ, ಅದಾ? ಅದನ್ನಿನ್ನೂ ಇಟ್ಟಕೊಂಡೀರೇನು? ಯಾರಿಗರೆ ಲಾವಣಿ ಕೊಟ್ಟಬಿಡ್ರಿ ಅಳೇರ, ಗುತ್ತಿಗಿ ಮ್ಯಾಲ ಮಾಡಿಕೊಳ್ಳಲಿ.” ಅಷ್ಟರಲ್ಲಿ ಯಾರೋ ಕರೆದರು, ಫೋನ್ ಕಟ್ಟಾಯಿತು.

ಸರೋಜ ಬಂದು, “ಅವ್ವ ಏನಂದ್ಲು?” ಎಂದಳು.

“ಹೊಲಾ ಲಾವಣಿ ಕೊಡ್ರಿ ಅಂದ್ರು.”

“ಯಾರಿಗೆ?”

ನಾನು ಆಗಲೇ ಪರದೆಯ ಮೇಲೆ ಕುಡಗೋಲು ಎಳೆಯುತ್ತಿದ್ದೆ. ಗೋವಿನಜೋಳ ಕೊಯ್ಲಿಗೆ ಬಂದಿತ್ತು.