ಸದ್ಯಕ್ಕೆ ಹೊಡೆದ ಗೂಟ

ಅಂಗಡಿಯವನು ಎರಡು ಅಂಗಿ ಮುಂದಿಟ್ಟರೆ ಮೂರನೆಯದನ್ನು ತೋರಿಸಿ ಎನ್ನುವವರ ಪೈಕಿ ನಾನು. ಮೂರನೆಯದು ಬಂದಮೇಲೆ ಮೊದಲನೆಯದೇ ಚೆನ್ನಾಗಿತ್ತೇನೋ ಅನಿಸುತ್ತದೆ. ಅಷ್ಟರಲ್ಲಿ ಅದನ್ನು ಪಕ್ಕದಲ್ಲಿ ನಿಂತವರು ಕೊಂಡು ಹೋಗಿರುತ್ತಾರೆ. ಇದರಿಂದ ನನಗೆ ಬೇಸರವೇನೂ ಇಲ್ಲ. ಆರಿಸುವ ತನಕ ಅಂಗಡಿಯ ಅಂಗಿಗಳೆಲ್ಲ ನನ್ನವೇ, ಆರಿಸಿದ ಮೇಲೆ ಒಂದೇ ಒಂದು. ಈ ಸುಖ ನನ್ನ ಹೆಂಡತಿ ಸುಮತಿಗೆ ತಿಳಿಯದು. ಅವಳು ಮೀನುಪೇಟೆಗೆ ಹೋದರೆ ಬಂಗಡೆಯ ಕಿವಿರನ್ನು ಒಮ್ಮೆ ಎತ್ತಿ ನೋಡಿ ಚೀಲ ಚಾಚುವವಳು. ನಾನು ಜೊತೆಗೆ ಹೋದ ದಿನ ಮನೆಯಲ್ಲಿ ಬರೀ ಬೇಳೆಸಾರು.

ಹೊನ್ನಾವರದಲ್ಲಿ ನಮ್ಮ ಮನೆ ಇರುವುದು ಹೊಳೆಯ ಹತ್ತಿರ. ಸಂಜೆ ಕುಮಟೆಯ ಕಚೇರಿಯಿಂದ ಬಂದು ಜಗಲಿಯಲ್ಲಿ ಕುರ್ಚಿ ಹಾಕಿದರೆ, ಮುಂದೆ ಪಕ್ಕದ ಮನೆಯ ದೇವಕ್ಕನ ಅಂಗಳ, ಅದರಲ್ಲಿ ಅವಳು ಮಾರಾಟಕ್ಕೆಂದು ಒಣಗಿಸಿದ ಮೀನು, ಅದರಾಚೆ ಹೊಳೆ, ಹೊಳೆಯಾಚೆ ಮಸುಕಾಗುತ್ತಿರುವ ಕಾಸರಕೋಡ ಊರಿನ ದಡ. ದೋಣಿಗಳು ಅಳಿವೆಯ ಕಡೆಗೆ ಒಂದೊಂದೇ ಜಾರಿಹೋಗುತ್ತವೆ. ಅವುಗಳ ಸದ್ದು ಸಣ್ಣಗಾಗುತ್ತ ಹೋದಂತೆ ನನಗೂ ನನ್ನ ಕಚೇರಿ, ನನ್ನ ವಯಸ್ಸು, ಕೆಲವೊಮ್ಮೆ ಕೈಯಲ್ಲಿರುವ ಚಹಾ ಕೂಡ ಮರೆತುಹೋಗುತ್ತದೆ. ಬದುಕಿನಲ್ಲಿ ನಾನು ದುಡಿದು ಸಂಪಾದಿಸಿದ ಆಸ್ತಿ ಅಂತ ಇದ್ದರೆ ಆ ಒಂದು ಗಂಟೆ.

ಅದಕ್ಕೆ ಸಂಚಕಾರ ತಂದದ್ದು ಬೀದಿದನಗಳು. ಎರಡು ಮನೆಗಳ ನಡುವಿನ ಹಳೆಯ ಬೇಲಿಯನ್ನು ಗೆದ್ದಲು ತಿಂದ ಮೇಲೆ ಅವು ಸುಮತಿಯ ಹರಿವೆ ಮಡಿಗೆ ದಿನಾ ಊಟಕ್ಕೆ ಬರತೊಡಗಿದವು. ಸುಮತಿ ಒಂದು ಬೆಳಿಗ್ಗೆ ಬರಿದಾದ ಮಡಿಯ ಮುಂದೆ ನಿಂತು ಹೇಳಿದಳು: “ನೋಡಿ, ಮಳೆಗಾಲ ಮುಗಿಯೂದ್ರೊಳಗೆ ನೀವು ಬೇಲಿ ಮಾಡಿದ್ರೆ ಆತು. ಇಲ್ದಿದ್ರೆ ಚಿರೇಕಲ್ಲು ತರ್ಸಿ ಕಂಪೌಂಡ್ ಕಟ್ಸೂದೇ. ಎತ್ತರಕ್ಕೆ.”

ಆ ‘ಎತ್ತರಕ್ಕೆ’ ದನಗಳಿಗೆ ಹೇಳಿದ ಮಾತಲ್ಲ, ಕುರ್ಚಿಗೆ ಹೇಳಿದ್ದು. ಕಲ್ಲಿನ ಗೋಡೆ ಎದ್ದರೆ ನನ್ನ ಹೊಳೆ, ದೋಣಿ, ಕಾಸರಕೋಡ ಎಲ್ಲ ಅದರ ಹಿಂದೆ. ಸೊಂಟದೆತ್ತರಕ್ಕೆ ಕತ್ತರಿಸಿ ಇಟ್ಟುಕೊಳ್ಳಬಹುದಾದ ಹಸಿರು ಬೇಲಿಯೊಂದೇ ನನಗೆ ಗತಿ. ಯಾವ ಗಿಡ ಎಂಬುದಷ್ಟೇ ಪ್ರಶ್ನೆ. ಪ್ರಶ್ನೆ ಅಷ್ಟೇ ಇದ್ದರೂ ಅದು ನನ್ನ ಕೈಗೆ ಸಿಕ್ಕಿತ್ತಲ್ಲ.

ಕುಮಟೆಗೆ ಹೋಗುವ ಬಸ್ಸಿನ ಕಿಟಕಿಯಲ್ಲಿ ಬೇಲಿಗಳನ್ನು ನೋಡುತ್ತ ಹೋಗುವುದು ರೂಢಿಯಾಯಿತು. ದಾಸವಾಳ ಕಂಡ ದಿನ ನಮ್ಮ ಅಂಗಳದ ಅಂಚೆಲ್ಲ ಕೆಂಪಾಗುತ್ತಿತ್ತು. ಆದರೆ ನಮ್ಮೂರಲ್ಲಿ ಬೇಲಿಯ ಹೂವನ್ನು ಕೇಳಿ ಕೊಯ್ಯುವ ಪದ್ಧತಿ ಇಲ್ಲ. ಬೆಳಗಾಗುವ ಮೊದಲೇ ಕೊಕ್ಕೆ ಹಿಡಿದು ಬಂದವರು ದೇವರ ಹೆಸರಲ್ಲಿ ಬೋಳಿಸಿಬಿಡುತ್ತಾರೆ. ತಡವಾಗಿ ಏಳುವ ನನ್ನಂಥವನಿಗೆ ಸಿಗುವುದು ಎಲೆ ಮಾತ್ರ. ಭಟ್ಕಳದಿಂದ ಬರುವ ಸಹೋದ್ಯೋಗಿಯೊಬ್ಬರು ಮದರಂಗಿ ಹಾಕಿ ಎಂದರು. ಅಂದು ಇಡೀ ಮಧ್ಯಾಹ್ನ ಅದರ ಸಣ್ಣ ಬಿಳಿ ಹೂವಿನ ಪರಿಮಳ ಕಡತಗಳ ಮೇಲೆ ಸುಳಿದಾಡಿತು. ಕತಗಾಲದ ಹೆಗಡೆ, ನನ್ನ ಪಕ್ಕದ ಮೇಜಿನವನು, ಲಕ್ಕಿ ಗಿಡದ ಪರವಾಗಿದ್ದ. “ಅದೇ ಹಾಕು ಮಾರಾಯಾ. ದನ ಮೂಸಿಯೂ ನೋಡ್ತಿಲ್ಲೆ. ಮತ್ತೆ ಅದರ ಸೊಪ್ಪು ತಲೆನೋವಿಗೆ ಒಳ್ಳೇದಿದ್ದು. ನಿನ್ನ ಮನೇಲಿ ಇಪ್ಪವಕ್ಕೆ ಬೇಕಾಗ್ತು.” ಒಮ್ಮೆ ಲಕ್ಕಿಯ ನೀಲಿ ಹೂಗೊಂಚಲಿನ ಗುಂಗಿನಲ್ಲಿ ಕುಮಟೆಯಲ್ಲಿ ಇಳಿಯುವುದನ್ನೇ ಮರೆತೆ. ಕಂಡಕ್ಟರು ಅಂಕೋಲೆಯಲ್ಲಿ ಎಬ್ಬಿಸಿದ. ಎಬ್ಬಿಸಿದ ಅಂದೆ, ಆದರೆ ನಾನು ನಿದ್ದೆ ಮಾಡಿರಲಿಲ್ಲ.

ಬರೀ ಕನಸು ಕಂಡರೆ ಸಾಲದು, ನೆಲದ ಮೇಲೆ ಗುರುತಾದರೂ ಇರಲಿ ಎಂದು ಮಳೆಗೆ ಮೊದಲು ದೇವಕ್ಕನಲ್ಲಿ ಕೆಲವು ಗೂಟ ಕೇಳಿದೆ. ಅವಳು ತನ್ನ ತಮ್ಮನ ಗದ್ದೆಯ ಬದುವಿನಲ್ಲಿ ಕಡಿದು ಹಾಕಿದ್ದ, ಸೊಪ್ಪನ್ನು ಗದ್ದೆಗೆ ಹಾಕಲು ಬೆಳೆಸುವ ಗೊಬ್ಬರ ಗಿಡದ (ಗ್ಲಿರಿಸಿಡಿಯಾ) ಕೋಲುಗಳ ದೊಡ್ಡ ಹೊರೆಯನ್ನೇ ತಂದು ಹಾಕಿದಳು. ಸದ್ಯಕ್ಕೆ ಇರಲಿ ಎಂದು ಗೂಟ ಹೊಡೆದು ಹಗ್ಗ ಕಟ್ಟಿದೆ. ದಾಸವಾಳಕ್ಕೆ ಇಷ್ಟು ಅಂತರ ಬೇಕು. ಮದರಂಗಿಗೆ ಅದಕ್ಕಿಂತ ಕಡಿಮೆ. ಮನಸ್ಸು ಬದಲಾದಂತೆ ಭಾನುವಾರ ಭಾನುವಾರ ಹೊಸ ಅಳತೆ, ಹಳೆಯ ಗೂಟಗಳ ನಡುವೆ ಹೊಸ ಗೂಟ. ಹಳೆಯದನ್ನು ಕೀಳಲಿಲ್ಲ, ಮತ್ತೆ ಮನಸ್ಸು ಬದಲಾದರೆ ಬೇಕಲ್ಲ. ಸುಮತಿ ಅಡಿಗೆಮನೆಯ ಕಿಟಕಿಯಿಂದ ನೋಡುತ್ತಿದ್ದಳು.

ಮಳೆ ಹಿಡಿಯಿತು. ಜಗಲಿಯಲ್ಲಿ ಕೂತು ನಾನು ಆರಿಸುತ್ತಲೇ ಇದ್ದೆ. ಆಚೆ ದಡವೂ ಕಾಣದಂತೆ ಸುರಿಯುವ ಮಳೆಯಲ್ಲಿ ಯಾವ ಬೇಲಿಯನ್ನು ಬೇಕಾದರೂ ಬೆಳೆಸಬಹುದು. ಮಳೆ ಬಿಟ್ಟಾಗ ಮಾತ್ರ ಒಂದು ಕಿರಿಕಿರಿ. ಗೂಟಗಳ ಮೇಲೆ ಹಸಿರು ಚಿಗುರು ಮೂಡುತ್ತಿತ್ತು. ಮುಂದೆ ಬರಲಿರುವ ಗಿಡಕ್ಕೆ ಕಾದಿಟ್ಟ ಜಾಗದಲ್ಲಿ ಇದೆಂಥ ಅಧಿಕಪ್ರಸಂಗ ಎಂದು ನಾನು ಅದನ್ನು ತಪ್ಪದೆ ಚಿವುಟಿ ಎಸೆಯುತ್ತಿದ್ದೆ. ಚಿವುಟಿದಷ್ಟೂ ಅದು ಎರಡಾಗಿ ಬರುತ್ತಿತ್ತು.

ಮಳೆ ಕಡಿಮೆಯಾದ ಒಂದು ಬೆಳಿಗ್ಗೆ ಸುಮತಿ ಹೇಳಿಕಳಿಸಿದ ಮೇಸ್ತ್ರಿ ಟೇಪು ಹಿಡಿದು ಬಂದೇ ಬಿಟ್ಟ. ಈಗಲಾದರೂ ಒಂದು ಗಿಡ ಹೇಳಿಬಿಡಬೇಕು ಎಂದುಕೊಂಡೆ. ದಾಸವಾಳ ಮತ್ತು ಮದರಂಗಿ ಬಾಯಲ್ಲಿ ಒಟ್ಟಿಗೆ ಬಂದು ಎರಡೂ ಹೊರಡಲಿಲ್ಲ. ತೋಚದೆ ಗೂಟದ ಸಾಲಿಗೆ ಹೋಗಿ ಚಿಗುರು ಚಿವುಟುತ್ತ ನಿಂತೆ.

ಆಚೆ ಮೀನು ಹರವುತ್ತಿದ್ದ ದೇವಕ್ಕ ತಲೆ ಎತ್ತಿದಳು. “ಎಂತಕ್ಕೆ ಅಣ್ಣಾ, ಪಾಪ, ಅದನ್ನ ಚಿವುಟ್ತ್ರಿ? ಇಷ್ಟು ಚಲೋ ಬೇಲಿ ಬಂದದೆ. ದನ ನುಗ್ಗದೆ ಎಷ್ಟು ದಿನ ಆತು.”

ನಾನು ಸಾಲನ್ನು ನೋಡಿದೆ. ಬೇಲಿಯೇ ಅದು. ಈ ತುದಿಯಿಂದ ಆ ತುದಿಯವರೆಗೆ, ನನ್ನ ಅಷ್ಟೂ ಚಂಚಲ ಭಾನುವಾರಗಳು ಒತ್ತೊತ್ತಾಗಿ ಬೇರು ಬಿಟ್ಟು ನಿಂತಿದ್ದವು. ಸೊಂಟದೆತ್ತರ. ಅದರ ಮೇಲೆ ಹೊಳೆ ಹೊಳೆಯುತ್ತಿತ್ತು, ಒಂದು ದೋಣಿ ಹೋಗುತ್ತಿತ್ತು. ಸುಮತಿ ಬಂದು ನೋಡಿ, ಚಿಗುರೊಡೆದ ಹರಿವೆ ಮಡಿಯನ್ನೂ ನೋಡಿ, ಮೇಸ್ತ್ರಿಗೆ ಚಹಾ ಕೊಟ್ಟು, “ಕಲ್ಲು ಬೇಡ ಬಿಡಿ. ಇವ್ರು ಬೇಲಿ ಮಾಡಿದ್ದಾರೆ” ಎಂದು ಕಳಿಸಿದಳು.

“ಈ ಮರಳು ಮಣ್ಣಿಗೆ ಗೊಬ್ಬರ ಗಿಡವೇ ಸರಿ ಅಂತ ನನಗೆ ಮೊದಲೇ ಗೊತ್ತಿತ್ತು” ಎಂದೆ. ಸುಮತಿ ನನ್ನ ಮುಷ್ಟಿಯೊಳಗಿದ್ದ ಚಿಗುರಿನ ಕಡೆ ನೋಡಿದಳು. “ಹೌದೌದು, ಕಾಣ್ತದೆ” ಎಂದಳು.

ಈಗ ಬೇಲಿಗೆ ಯಾವ ಗಿಡ ಒಳ್ಳೆಯದು ಎಂದು ದಾರಿಹೋಕರು ನನ್ನನ್ನೇ ಕೇಳುತ್ತಾರೆ. ಅವಸರ ಮಾಡಬೇಡಿ ಎಂದು ನಾನು ಗಂಭೀರವಾಗಿ ಹೇಳುತ್ತೇನೆ. ಬಾಕಿ ಇರುವುದು ಮುಂದಿನ ಗೇಟೊಂದೇ. ಕಬ್ಬಿಣದ್ದೋ ಮರದ್ದೋ ಎಂದು ಇನ್ನೂ ಯೋಚಿಸುತ್ತಿದ್ದೇನೆ. ಸದ್ಯಕ್ಕೆ ಇರಲಿ ಎಂದು ಅಲ್ಲಿ ಎರಡು ಗೂಟ ಹೊಡೆದಿದ್ದೆ. ಅವೂ ಚಿಗುರಿವೆ. ದಿನಾ ಅವುಗಳ ನಡುವೆ ಮೈ ಓರೆ ಮಾಡಿ ತೂರಿಕೊಂಡು ಕಚೇರಿಗೆ ಹೋಗಿ ಬರುತ್ತಿದ್ದೇನೆ.