ಅಟ್ಟ ತುಂಬಿದ ಕುಂಬಳಕಾಯಿ ಸಾಕ್ಷಿ

ತಾನು ಕಾಸಿದ ಕಷಾಯದ ವಾಸನೆ ಬಡಿದರೆ ಸಾಕು, ಹೆಗ್ಗಡದೇವನಕೋಟೆ ಕಾಡಿನ ಚಳಿಜ್ವರ ಕಂಬಳಿ ಹೊದ್ದು ಕೊಡಗಿಗೆ ಓಡುತ್ತದೆ ಎನ್ನುವುದು ಹನಗೋಡಿನ ದೊಡ್ಡಮಾದಯ್ಯನ ಘೋಷಣೆ. ಸಾಕ್ಷಿ ಬೇಕಾದವರು ತಲೆಯೆತ್ತಿ ಅವನ ಅಟ್ಟ ನೋಡಬಹುದಿತ್ತು. ವಾಸಿಯಾದವರು ತಲಾ ಒಂದು ಕುಂಬಳಕಾಯಿ ತಂದುಕೊಡುವುದು ಅವನ ಮನೆಯ ಪದ್ಧತಿ. ಆ ಭಾರಕ್ಕೆ ತೊಲೆ ಎಷ್ಟು ಬಾಗಿತ್ತೆಂದರೆ, ಮನೆಯ ಬೆಕ್ಕು ಕೂಡ ತಲೆ ತಗ್ಗಿಸಿಯೇ ಓಡಾಡುತ್ತಿತ್ತು.

ಹೆಂಡತಿ ಪುಟ್ಟಸಿದ್ದಮ್ಮನಿಗೆ ಸಾಕುಸಾಕಾಗಿತ್ತು. ಇದ್ದದ್ದು ಒಂದೇ ಒಲೆ. ಅದರ ಮೇಲೆ ಬೆಳಗಿನಿಂದ ಬೇವಿನ ತೊಗಟೆ, ನೆಲಬೇವು ಕೊತಕೊತ ಕುದಿಯುತ್ತಿದ್ದರೆ ಮುದ್ದೆಯ ಎಸರಿಗೆ ಜಾಗವೆಲ್ಲಿ? ಹೇಗೋ ಮುದ್ದೆ ಕಟ್ಟಿದರೂ ಜೊತೆಗೆ ಇದ್ದದ್ದು ಕುಂಬಳಕಾಯಿ. (ಸಾರು, ಪಲ್ಯ, ಗೊಜ್ಜು: ವೇಷ ಮೂರು, ಆಸಾಮಿ ಒಬ್ಬನೇ.)

ಕುಡಿದೂ ವಾಸಿಯಾಗದವರು ಎಷ್ಟು ಜನ ಎಂದು ಅವಳು ಒಂದು ದಿನ ಕೇಳಿದಳು.

"ಅಂಥೋರು ಒಬ್ರೂ ಈ ಕಡೆ ಬಂದಿಲ್ಲ ಕಣೇ."

"ವಾಸಿಯಾಗ್ದೋರು ಕುಂಬ್ಳಕಾಯಿ ಹೊತ್ಕಂಡು ಯಾಕ್ ಬತ್ತಾರೆ?"

ಇದು ಒಲೆಯ ಮೇಲಿನ ಆಸೆಯಿಂದ ಹುಟ್ಟಿದ ತರ್ಕವೆಂದು ದೊಡ್ಡಮಾದಯ್ಯ ತಳ್ಳಿಹಾಕಿದ. ಗುಣವಾಗದ ಒಬ್ಬನೇ ಒಬ್ಬನನ್ನು ತೋರಿಸಿದರೆ ಅಂದೇ ಒಲೆ ಬಿಟ್ಟುಕೊಡುವುದಾಗಿ ಊರ ಮುಂದೆ ಮಾತೂ ಕೊಟ್ಟ.

ಜ್ವರ ಅದನ್ನು ಕೇಳಿಸಿಕೊಂಡಿರಬೇಕು. ಆ ವಾರವೇ ಬಂದು ಅವನನ್ನು ಹಿಡಿಯಿತು. ಅವನು ನಡುಗಿದ ನಡುಕಕ್ಕೆ ಅಟ್ಟದಿಂದ ಎರಡು ಸಾಕ್ಷಿಗಳು ಉರುಳಿಬಿದ್ದವು. ಕಷಾಯ ಕುಡಿದ; ಮರುದಿನ ಜ್ವರವಿಲ್ಲ. ಜಗಲಿಯಲ್ಲಿ ಕೂತು ಮೀಸೆ ತಿರುವಿದ. ಅದರ ಮರುದಿನ ಮತ್ತೆ ನಡುಕ, ಮತ್ತೆ ಕಷಾಯ, ಮತ್ತೆ ಒಂದು ದಿನದ ಮೀಸೆ. ದಿನ ಬಿಟ್ಟು ದಿನ ಬರುವುದೇ ಆ ಜ್ವರದ ಜಾಯಮಾನವೆಂದು ಅವಳು ಹೇಳಿ ನೋಡಿದಳು. ಬಿಟ್ಟ ದಿನ ತನ್ನ ಕಷಾಯದ್ದು, ಬಂದ ದಿನ ಪಥ್ಯ ಕೆಡಿಸಿದ ಅವಳದ್ದು ಎಂದು ಅವನು ಪಾಲು ಹಾಕಿದ.

ಕೊನೆಗೆ ಮೀಸೆಗೂ ಕೈ ಏಳದಂತಾದಾಗ ಅವಳು ಗಾಡಿ ಕಟ್ಟಿಸಿ ಹುಣಸೂರಿನ ಆಸ್ಪತ್ರೆಗೆ ಕರೆದೊಯ್ದಳು. ಯಾರೂ ಗುರುತು ಹಿಡಿಯಬಾರದೆಂದು ಅವನು ಮುಖದ ತುಂಬ ಕಂಬಳಿ ಎಳೆದುಕೊಂಡಿದ್ದ.

ಮಹಾರಾಜರ ಸರ್ಕಾರ ಕೊಡುವ ಕ್ವಿನೈನಿಗೆ ಜಗಲಿಯಲ್ಲಿ ಕಾದು ಕೂತವರನ್ನು ಕಂಡು ಪುಟ್ಟಸಿದ್ದಮ್ಮ ನಿಂತೇಬಿಟ್ಟಳು. ಅರ್ಧ ಹನಗೋಡು ಅಲ್ಲಿತ್ತು. ಎಲ್ಲರೂ ಅವಳ ಕೈಯಿಂದಲೇ ಕಷಾಯ ಕುಡಿದು ಹೋಗಿ, ಆಮೇಲೆ ಮನೆ ಕಡೆ ಸುಳಿಯದವರು. ಪಕ್ಕದ ಬೀದಿಯ ಮರಮ್ಮ ಸರಿದು ಜಾಗ ಮಾಡಿದಳು.

"ಬನ್ನಿ ಪಂಡಿತ್ರೇ, ಕುಂತ್ಕಳಿ. ನಿಮ್ ಕಸಾಯ ಕುಡ್ದೋರು ಬೋ ಜನ ಇಲ್ಲೇ ಅವ್ರೆ."

ಕಂಬಳಿಯೊಳಗಿಂದ ಕ್ಷೀಣ ದನಿಯೊಂದು ಹೆಂಡತಿಯ ಕಿವಿಗೆ ಬಿತ್ತು. "ಇವ್ರೆಲ್ಲ ಲೆಕ್ಕಕ್ಕಿಲ್ಲ ಕಣೇ. ಒಬ್ರೂ ಕುಂಬ್ಳಕಾಯಿ ತಂದಿಲ್ಲ."

"ನೀವ್ ತಂದಿದ್ದೀರಾ?" ಎಂದಳು ಪುಟ್ಟಸಿದ್ದಮ್ಮ. "ಸುಮ್ಕೆ ಮರಮ್ಮನ ಪಕ್ಕ ಕುಂತ್ಕಳಿ. ಇವತ್ತಿಂದ್ಲೇ ಒಲೆ ನಂದು."