ಮೂರು ಮನೆಯ ಟಗರು

ಟಾರ್ಕಿಲನ ಎಲ್ಲ ಕಷ್ಟಕ್ಕೂ ಮೂಲ ‘ಹೂಂ, ಅದೂ ಸರಿ’ ಅನ್ನುವ ಅವನ ಮಾತು. ಮಳೆ ಬರುತ್ತದೆ ಅಂದರೂ ಸರಿ, ಬರುವುದಿಲ್ಲ ಅಂದರೂ ಸರಿ. ನಮ್ಮ ದ್ವೀಪದಲ್ಲಿ ಈ ಎರಡೂ ಅರ್ಧ ಗಂಟೆಯೊಳಗೆ ನಿಜವಾಗುವುದರಿಂದ ಅಲ್ಲಿಯವರೆಗೆ ತೊಂದರೆ ಇರಲಿಲ್ಲ. ತೊಂದರೆ ಬಂದದ್ದು, ಸ್ಕಾಟ್ಲೆಂಡ್ ಬೇರೆ ದೇಶವಾಗಬೇಕೋ ಅಥವಾ ಪಕ್ಕದ ಇಂಗ್ಲೆಂಡಿನವರ ಜೊತೆ ಕೂಡಿಯೇ ಇರಬೇಕೋ ಎಂದು ನಮ್ಮನ್ನೆಲ್ಲ ಓಟು ಹಾಕಲು ಕರೆದ ಆ ಸೆಪ್ಟೆಂಬರಿನಲ್ಲಿ.

ಜೂನ್ ತಿಂಗಳಲ್ಲಿ ಬಲಗಡೆ ಮನೆಯ ಹೆಕ್ಟರ್ ಬೇಲಿಯ ಮೇಲೆ ಮೊಣಕೈ ಊರಿ, ನಮ್ಮ ಮನೆಯ ಬೀಗದಕೈ ನಮ್ಮ ಜೇಬಿನಲ್ಲೇ ಇರಬೇಕು, ಬೇರೆಯಾಗೋಣ ಅಂದ. ಟಾರ್ಕಿಲ್ ಯೋಚಿಸಿದ. ‘ಹೂಂ, ಅದೂ ಸರಿ’ ಅಂದ. ಆಗಸ್ಟಿನಲ್ಲಿ ಎಡಗಡೆ ಮನೆಯ ಎಫಿ, ಗಂಡ ಸತ್ತ ಮೇಲೆ ಒಬ್ಬಳೇ ಇರುವವಳು, ಬಟ್ಟೆಯಲ್ಲಿ ಕಟ್ಟಿ ಬೇಯಿಸಿದ ದ್ರಾಕ್ಷಿ ಕಡುಬನ್ನು ಅವನ ತಟ್ಟೆಗೆ ಹಾಕುತ್ತ, ಮುನ್ನೂರು ವರ್ಷ ಒಂದೇ ಒಲೆಯ ಮುಂದೆ ಕೂತವರು ಈಗ ಪಾತ್ರೆ ಹಂಚಿಕೊಳ್ಳಲು ಹೊರಟರೆ ನಗೆಪಾಟಲು ಅಂದಳು. ಬಾಯಿ ತುಂಬ ಕಡುಬಿತ್ತು. ಅದೂ ಅವನಿಗೆ ಸರಿಯೇ ಅನಿಸಿ ಹೂಂ ಅಂದ. ಸುಳ್ಳು ಹೇಳಿದ್ದಲ್ಲ. ಟಾರ್ಕಿಲನಿಗೆ ಸುಳ್ಳು ಹೇಳಲು ಬರುವುದಿಲ್ಲ. ಹೇಳಿದರೆ ಎರಡು ಕಿವಿಯೂ ಬೇಯಿಸಿದ ಏಡಿಯ ಹಾಗೆ ಕೆಂಪಾಗುತ್ತವೆ. ಇದು ಊರಿಗೇ ಗೊತ್ತು.

ಈ ಮೂರು ಮನೆಗೂ ಸೇರಿ ಒಂದು ಟಗರು ಇತ್ತು. ಹೆಸರು ಮೇಜರ್. ಒಬ್ಬೊಬ್ಬರೇ ಸಾಕುವಷ್ಟು ಹೊಲ ಯಾರಿಗೂ ಇಲ್ಲದ್ದರಿಂದ ಅಪ್ಪಂದಿರ ಕಾಲದಿಂದಲೂ ಟಗರು ಪಾಲಿನದು. ನಾಲ್ಕು ತಿಂಗಳಿಗೊಮ್ಮೆ ಮನೆ ಬದಲು. ಮೇಜರ್ ಹೆಕ್ಟರನ ಗೇಟನ್ನು ಎರಡು ಸಲ ಮುರಿದಿದ್ದ, ಎಫಿ ಬಟ್ಟೆ ಒಣಗಿಸುವ ಕಂಬವನ್ನು ಒಗೆದ ಹೊದಿಕೆಯ ಸಮೇತ ಮಲಗಿಸಿದ್ದ. ಟಾರ್ಕಿಲನ ಬಾಗಿಲಿಗಂತೂ ದಿನಾ ಬೆಳಿಗ್ಗೆ ಹಣೆಯಿಂದಲೇ ಕರೆಗಂಟೆ. ಅವನ ಸರದಿ ಮುಗಿದದ್ದು ಓಟಿನ ಹಿಂದಿನ ದಿನ. ಬುಧವಾರ ಸಂಜೆ ಟಗರನ್ನು ಎಫಿಯ ಹೊಲಕ್ಕೆ ಬಿಟ್ಟು ಬಂದವನು ಆ ರಾತ್ರಿ ಕೂಸಿನ ಹಾಗೆ ನಿದ್ದೆ ಮಾಡಿದ.

ಗುರುವಾರ ಬೆಳಿಗ್ಗೆ ಬಾಗಿಲು ತೆರೆದರೆ ಹೆಕ್ಟರೂ ಎಫಿಯೂ ಒಟ್ಟಿಗೇ ನಿಂತಿದ್ದರು. ಇಬ್ಬರೂ ಅವನನ್ನು ಓಟಿಗೆ ಕರೆದುಕೊಂಡು ಹೋಗಲು ಬಂದವರು. ಇವನು ಇಬ್ಬರಿಗೂ ಹೂಂ ಅಂದಿದ್ದಾನೆ ಅನ್ನುವುದು ಅವರಿಗೆ ತಿಳಿದದ್ದು ಹೊಸ್ತಿಲಲ್ಲಿ ನಿಂತಾಗಲೇ.

‘ನನ್ನ ಕಡುಬು ತಿಂದು ಅವನಿಗೆ ಓಟು ಹಾಕ್ತೀಯೇನೋ?’ ಎಫಿ ಕೇಳಿದಳು. ‘ಹಾಕಿ ನೋಡು. ಟಗರಿನಲ್ಲಿ ನನ್ನ ಪಾಲು ನಾನು ಕಿತ್ಕೊಂಡು ಹೋಗ್ತೀನಿ.’

‘ಟಗರಿನ ಪಾಲು ಹೆಂಗಮ್ಮ ಕೀಳ್ತೀಯ? ಹಿಂಗಾಲು ತಗೊಂಡು ಹೋಗ್ತೀಯಾ?’ ಅಂದ ಹೆಕ್ಟರ್. ‘ಕೆಲವು ವಿಷಯದಲ್ಲಿ ಕೂಡಿ ಇರೋದೇ ಲೇಸು.’

‘ಮುನ್ನೂರು ವರ್ಷದ ರಾಜ್ಯ ಒಡೆಯೋಕೆ ಹೊರಟೋನು, ಮುದಿ ಟಗರು ಒಡೀಬಾರದು ಅಂತಾನೆ.’

ಹೆಕ್ಟರನಿಗೆ ಮಾತು ತಾಗಿತು. ಹಾಗಾದರೆ ಟಾರ್ಕಿಲ್ ಎಫಿಯ ಕಡೆ ಹೋದರೆ ತಾನೂ ಟಗರಿನಿಂದ ಹೊರಗೆ ಅಂದುಬಿಟ್ಟ. ಟಾರ್ಕಿಲ್ ಲೆಕ್ಕ ಹಾಕಿದ. ನವೆಂಬರಿನಲ್ಲಿ ಟಗರನ್ನು ಹಿಂಡಿಗೆ ಬಿಡಬೇಕು. ಯಾರು ಪಾಲು ಮುರಿದರೂ ಟಗರು ಮಾರಾಟಕ್ಕೆ, ವಸಂತಕ್ಕೆ ಅವನ ಇಪ್ಪತ್ತೆಂಟು ಕುರಿಗೆ ಒಂದೂ ಮರಿ ಇಲ್ಲ. ಆ ಮರಿಗಳೇ ಅವನ ವರ್ಷದ ಅನ್ನ.

ಒಬ್ಬನೇ ನಡೆದು ಹೋಗುತ್ತೇನೆ ಅಂದ. ಇಬ್ಬರೂ ಗಾಡಿ ಬಿಟ್ಟು ಜೊತೆಗೇ ನಡೆದರು. ಮತಗಟ್ಟೆ ಇದ್ದ ಶಾಲೆಗೆ ಎರಡು ಮೈಲಿ. ಬಲಕ್ಕೊಬ್ಬ, ಎಡಕ್ಕೊಬ್ಬಳು, ನಡುವೆ ಟಾರ್ಕಿಲ್; ನೋಡಿದವರು ಕಳ್ಳನನ್ನು ಹಿಡಿದು ತರುತ್ತಿದ್ದಾರೆ ಅಂದುಕೊಳ್ಳಬೇಕು. ಬಲಗಡೆಯಿಂದ ಸಮುದ್ರದಲ್ಲಿರುವ ಎಣ್ಣೆ ನಮ್ಮದು ಅಂತ ಒಂದು ಮಾತು, ಎಡಗಡೆಯಿಂದ ಮುದುಕರ ಪಿಂಚಣಿಗೆ ಯಾರು ಗತಿ ಅಂತ ಒಂದು ಮಾತು. ಎರಡೂ ಸರಿ ಅನಿಸಿ ಟಾರ್ಕಿಲನ ಕತ್ತು ನೋಯತೊಡಗಿತು.

ಗುಟ್ಟಿನ ಓಟು, ಹೇಳದಿದ್ದರಾಯಿತು ಅನ್ನುವ ಧೈರ್ಯವೂ ಇರಲಿಲ್ಲ. ‘ಹೊರಗೆ ಬಂದ ಮೇಲೆ ಒಂದೇ ಪ್ರಶ್ನೆ ಕೇಳ್ತೀವಿ’ ಅಂದ ಹೆಕ್ಟರ್. ‘ನೀನು ಏನಾದ್ರೂ ಹೇಳ್ಕೋ. ನಾವು ಕಿವಿ ನೋಡ್ಕೋತೀವಿ.’ ಆ ಒಂದು ವಿಷಯಕ್ಕೆ ಎಫಿಯೂ ತಲೆಯಾಡಿಸಿದಳು.

ಶಾಲೆಯ ಬಾಗಿಲಲ್ಲಿ ಇನ್ನೊಂದು ಪೀಕಲಾಟ. ಒಳಗೆ ಇಟ್ಟಿರುವುದು ಪೆನ್ಸಿಲ್, ಬರೆದದ್ದನ್ನು ಆಮೇಲೆ ಅಳಿಸುತ್ತಾರೆ ಅಂತ ಆ ದಿನಗಳಲ್ಲಿ ಊರೆಲ್ಲ ಸುದ್ದಿ. ಹೆಕ್ಟರ್ ತನ್ನ ಪೆನ್ನು ಚಾಚಿದ. ಎಫಿ ತನ್ನದನ್ನು ಚಾಚಿದಳು. ಯಾರದ್ದು ತೆಗೆದುಕೊಂಡರೂ ಇನ್ನೊಬ್ಬರಿಗೆ ಸಿಟ್ಟು. ಟಾರ್ಕಿಲ್ ಎರಡನ್ನೂ ಬಿಟ್ಟು ಒಳಗೆ ನುಗ್ಗಿದ.

ಪರದೆಯ ಹಿಂದೆ ಇಪ್ಪತ್ತು ನಿಮಿಷ ನಿಂತ. ಚೀಟಿಯಲ್ಲಿ ಬೇರೆ ದೇಶವಾಗಬೇಕೇ ಅನ್ನುವ ಪ್ರಶ್ನೆ, ಅದರ ಕೆಳಗೆ ಎರಡೇ ಮನೆ: ಮೇಲೆ ಹೌದು, ಕೆಳಗೆ ಬೇಡ. ಪೆನ್ಸಿಲಿನ ಮೇಲೆ ನಂಬಿಕೆ ಬರಲಿಲ್ಲ. ಜೇಬು ತಡಕಿದರೆ ಸಿಕ್ಕಿದ್ದು ಕುರಿಗಳಿಗೆ ಗುರುತು ಹಾಕುವ ಕೆಂಪು ಕಾವಿಕಡ್ಡಿ. ಅದು ಮಳೆಗೂ ಅಳಿಸುವುದಿಲ್ಲ. ಕಣ್ಣು ಮುಚ್ಚಿ ಒಂದು ಮನೆಯ ಮೇಲೆ ಕಡ್ಡಿ ಇಟ್ಟ. ನಲವತ್ತು ವರ್ಷ ಕುರಿಯ ಬೆನ್ನಿನ ಮೇಲೆ ಮಾಡಿದ್ದನ್ನೇ ಕೈ ತಾನಾಗಿ ಮಾಡಿತು: ಒಂದು ಸುತ್ತು, ಕೆಳಗೊಂದು ಬಾಲ. ಅವನ ಅಪ್ಪನ ಕಾಲದ ಗುರುತು. ಚೀಟಿ ಮಡಚಿದ. ಸರಿಯಾಗಿ ಬಿತ್ತೋ ಅಂತ ಬಿಚ್ಚಿ ನೋಡಿದರೆ, ಹಸಿ ಕಾವಿ ಮಡಿಕೆಯಲ್ಲಿ ಅಂಟಿ ಎರಡೂ ಮನೆಯಲ್ಲಿ ಒಂದೊಂದು ಸುತ್ತು. ಟಾರ್ಕಿಲನಿಗೆ ಅದು ತಪ್ಪು ಅನಿಸಲಿಲ್ಲ. ಮನಸ್ಸಿಗೆ ಹಾಯೆನಿಸಿ ಪೆಟ್ಟಿಗೆಗೆ ಹಾಕಿದ. ಹೊರಗೆ ಕಾದಿರುವವರು ನೆನಪಾದರು. ಹೆದರಿದಾಗ ಕಿವಿ ಉಜ್ಜಿಕೊಳ್ಳುವುದು ಅವನ ಅಭ್ಯಾಸ. ಎರಡು ಕೈಯಿಂದಲೂ ಚೆನ್ನಾಗಿ ಉಜ್ಜಿಕೊಂಡೇ ಹೊರಗೆ ಬಂದ.

ಹೆಕ್ಟರ್ ಬಾಯಿ ತೆರೆಯುವ ಮೊದಲೇ ಕಿವಿಗಳು ಧಗಧಗ ಅನ್ನುತ್ತಿದ್ದವು.

‘ನೋಡು, ಇನ್ನೂ ಕೇಳೇ ಇಲ್ಲ, ಆಗಲೇ ಸುಳ್ಳು’ ಅಂದಳು ಎಫಿ. ಸುಳ್ಳು ಯಾರಿಗೆ ಅನ್ನುವುದರ ಮೇಲೆ ಇಬ್ಬರಿಗೂ ಹತ್ತಿಕೊಂಡಿತು. ಇಬ್ಬರೂ ಟಗರಿನಿಂದ ಹೊರಗೆ ಹೋದರು, ಮತ್ತೆ ಒಳಗೆ ಬಂದು ಇನ್ನೊಬ್ಬರನ್ನು ಹೊರಗೆ ಹಾಕಿದರು. ಗಲಾಟೆಗೆ ಮತಗಟ್ಟೆಯ ಉಸ್ತುವಾರಿಗೆ ಕೂತಿದ್ದ ಊನಾ ಟೀಚರ್ ಎದ್ದು ಬಂದರು. ಟಾರ್ಕಿಲನ ಕಿವಿ ನೋಡಿದರು, ಬೆರಳು ನೋಡಿದರು.

‘ನಾನು ಯಾರ ಚೀಟೀನೂ ನೋಡಿಲ್ಲ, ನೋಡಬಾರದು’ ಅಂದರು ನಿಧಾನವಾಗಿ. ‘ಆದ್ರೆ ಕಾನೂನು ಹೇಳ್ತೀನಿ ಕೇಳಿ. ಇದು ಇಂಥವರ ಓಟು ಅಂತ ಗೊತ್ತಾಗೋ ಗುರುತು ಹಾಕಿದ್ರೆ, ಕುರಿ ಗುರುತೇ ಆಗ್ಲಿ, ಆ ಚೀಟಿ ಹೌದಿಗೂ ಇಲ್ಲ, ಬೇಡಕ್ಕೂ ಇಲ್ಲ.’

ಇಬ್ಬರೂ ಅವನ ಕೆಂಪು ಬೆರಳುಗಳನ್ನೇ ನೋಡಿದರು. ಮೊದಲು ನಕ್ಕವನು ಹೆಕ್ಟರ್. ತನಗೆ ಬರಲಿಲ್ಲ ನಿಜ, ಎಫಿಗೂ ಹೋಗಲಿಲ್ಲವಲ್ಲ. ಎಫಿಗೂ ಅದೇ ಸಮಾಧಾನ. ಇಬ್ಬರೂ ತಮ್ಮ ತಮ್ಮ ಓಟು ಹಾಕಿ ಬಂದರು, ಒಂದಕ್ಕೊಂದು ಸಮ. ವಾಪಸು ದಾರಿಯಲ್ಲಿ ಬಿಸಿಲು ಬಿತ್ತು. ಎಫಿ ಚಹಾಕ್ಕೆ ಕರೆದಳು, ಉಳಿದ ಕಡುಬನ್ನು ಬೆಣ್ಣೆಯಲ್ಲಿ ಕಾಯಿಸಿದಳು. ಟಗರು ಉಳಿಯಿತು, ಮರಿ ಉಳಿಯಿತು, ನೆರೆಹೊರೆಯೂ ಉಳಿಯಿತು ಅಂತ ಟಾರ್ಕಿಲ್ ಕಾಲು ಚಾಚಿ ಕೂತ.

ಆಗ ಹಿತ್ತಲಲ್ಲಿ ಏನೋ ಧೊಪ್ಪೆಂದಿತು. ಮೇಜರ್ ಎಫಿಯ ಕೋಳಿಗೂಡನ್ನು ಅಂಗಾತ ಮಾಡಿದ್ದ.

ಎಫಿ ಕಿಟಕಿಯಿಂದ ನೋಡಿದಳು. ‘ಪಾಲಿನ ವಸ್ತು ಯಾವತ್ತೂ ಯಾರ ಕಡೆಗೂ ಸೇರದ ಜಾಗದಲ್ಲಿರಬೇಕು’ ಅಂದಳು.

ಜನವರಿಗೆ ಸರದಿ ಬರಬೇಕಿದ್ದ ಹೆಕ್ಟರ್ ಬಟ್ಟಲು ಕೆಳಗಿಟ್ಟ. ‘ಎಷ್ಟು ಚೆನ್ನಾಗಿ ಹೇಳ್ದೆ, ಎಫಿ. ಹೌದಿಗೂ ಇಲ್ಲ, ಬೇಡಕ್ಕೂ ಇಲ್ಲ, ನಡುವಿನ ಮನೆ. ಇನ್ಮೇಲೆ ವರ್ಷಪೂರ್ತಿ ಅಲ್ಲೇ ಇರ್ಲಿ. ಒಪ್ಪೋರು ಕೈ ಎತ್ತಿ.’

ಎರಡು ಕೈ ಎದ್ದವು. ಮಳೆ, ದೇಶ, ರಾಜ್ಯ ಯಾವುದರಲ್ಲೂ ಒಂದಾಗದಿದ್ದ ಎರಡು ಕೈ.

‘ನೀನೇನಂತೀಯೋ ಟಾರ್ಕಿಲ್?’

ಟಾರ್ಕಿಲ್ ಹಗ್ಗ ತೆಗೆದುಕೊಂಡು ಎದ್ದ. ‘ಹೂಂ, ಅದೂ ಸರಿ’ ಅಂದ.

ಅವನು ಆ ಮಾತನ್ನು ಸುಳ್ಳಾಗಿ ಹೇಳಿದ್ದು ಜೀವಮಾನದಲ್ಲಿ ಅದೊಂದೇ ಸಲ. ಕಿವಿಗೆ ಮೊದಲೇ ಕಾವಿ ಬಳಿದಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.